ಅಮ್ಮನ ಎಪ್ಪತ್ತನೆಯ ಹುಟ್ಟುಹಬ್ಬ: ಮನೆಯಲ್ಲೇ 45 ಜನರಿಗೆ ಊಟ, ಅಮ್ಮ ಮಾತ್ರ ಅಡುಗೆಮನೆಯಲ್ಲಿ ಇರಬಾರದು

ಕುವೆಂಪುನಗರದ ಮಗಳು, ಮೈಸೂರು

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೆಯ ಭಾನುವಾರ ನಮ್ಮ ಅಮ್ಮನ ಎಪ್ಪತ್ತನೆಯ ಹುಟ್ಟುಹಬ್ಬ. ಹೋಮ, ಹವನ ಏನೂ ಬೇಡ, ಒಡಹುಟ್ಟಿದವರು, ಮಕ್ಕಳು, ಮೊಮ್ಮಕ್ಕಳು, ಬೀದಿಯ ನಾಲ್ಕು ಮನೆಯವರು ಬಂದು ಊಟ ಮಾಡಿದರೆ ಸಾಕು ಎಂದಿದ್ದಾಳೆ. ಎಣಿಸಿದರೆ 45 ಜನ. ಅಣ್ಣ ಹಾಲ್ ಗೊತ್ತು ಮಾಡೋಣವೆಂದ. ಅಮ್ಮ ಒಪ್ಪಲಿಲ್ಲ. "ಅಲ್ಲಿ ನಾಲ್ಕು ಗಂಟೆಗೆಲ್ಲ ಕುರ್ಚಿ ಮಡಚಲು ಶುರು ಮಾಡುತ್ತಾರೆ. ಅಕ್ಕನ ಜೊತೆ ಕುಳಿತು ಮಾತನಾಡಿ ವರ್ಷವಾಯಿತು. ನನ್ನ ಮನೆಯಲ್ಲೇ ಆಗಲಿ" ಎಂದಳು.

ಮನೆಯಲ್ಲಿ ಮಾಡಲು ನನಗೂ ಸಂತೋಷವೇ. ಆದರೆ ಒಂದು ಸಂಕಟವಿದೆ. ಆರು ವರ್ಷದ ಹಿಂದೆ ನನ್ನ ಮಗಳ ನಾಮಕರಣ ಇದೇ ಮನೆಯಲ್ಲಿ ನಡೆಯಿತು. ಬಾಣಂತಿ ನಾನು ಕೋಣೆಯಲ್ಲಿದ್ದೆ. ಮಧ್ಯಾಹ್ನ ಮೂರೂವರೆಗೆ ನೀರು ಕುಡಿಯಲೆಂದು ಅಡುಗೆಮನೆಗೆ ಬಂದರೆ ಅಮ್ಮ ಒಲೆಕಟ್ಟೆಯ ಪಕ್ಕ ಮಣೆ ಹಾಕಿಕೊಂಡು ಕುಳಿತಿದ್ದಳು. ಸ್ಟೀಲ್ ತಟ್ಟೆಯಲ್ಲಿ ಆರಿದ ಅನ್ನ, ತಳದಲ್ಲಿ ಉಳಿದಿದ್ದ ಸಾರು. ಹೋಳಿಗೆಯ ಡಬ್ಬಿ ಖಾಲಿ. ಅದರೊಳಗೆ ಹಾಸಿದ್ದ ಬಾಳೆಲೆಯ ಚೂರಿಗೆ ಅಂಟಿಕೊಂಡ ಹೂರಣವಷ್ಟೇ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆ ಹೂರಣ ರುಬ್ಬಿದವಳು ಅವಳೇ. "ನನಗೆ ಸಿಹಿ ಅಷ್ಟಾಗಿ ಸೇರುವುದಿಲ್ಲ ಬಿಡು" ಎಂದಳು. ಅದು ನಿಜವಲ್ಲ. ಅಮ್ಮನಿಗೆ ಹೋಳಿಗೆಯೆಂದರೆ ಪ್ರಾಣ.

ಅಂದಿನಿಂದ ಆ ತಟ್ಟೆ ನನ್ನ ಕಣ್ಣಿನಿಂದ ಹೋಗಿಲ್ಲ. ಈ ಸಲ ಅಮ್ಮ ಮೊದಲ ಪಂಕ್ತಿಯಲ್ಲಿ ಕುಳಿತು ಬಿಸಿಬಿಸಿಯಾಗಿ ಉಣ್ಣಬೇಕು.

ನಮ್ಮ ನಡುಮನೆ 18 ಅಡಿ ಉದ್ದ, 12 ಅಡಿ ಅಗಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಹತ್ತಡಿ ಜಾಗ. ತಾರಸಿ ದೊಡ್ಡದಿದೆ, ಆದರೆ ದೊಡ್ಡಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅಡುಗೆ ನಾವೇ ಮಾಡುವುದೇ, ಮಾಡಿಸುವುದೇ? ಎಲೆ ಹಾಕಿ ಬಡಿಸುವುದೇ, ಬಫೆಯೇ? ಸಾಮಾನು ಎಷ್ಟು ಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮನನ್ನು ಅಡುಗೆಮನೆಯಿಂದ ಹೊರಗೆ ಇರಿಸುವುದು ಹೇಗೆ? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ತುಂಗಾತೀರ, ಶಿವಮೊಗ್ಗ

ತಂಗಿ, ಆ ಸ್ಟೀಲ್ ತಟ್ಟೆಯನ್ನು ನಾನೂ ಬಲ್ಲೆ. ನಮ್ಮತ್ತೆಯ ಮುಂದೆ ನೋಡಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಜಾಗದ ಲೆಕ್ಕ. ಒಂದು ಎಲೆಗೆ ಎರಡಡಿ ಅಗಲ ಬೇಕು. ನಿಮ್ಮ 18 ಅಡಿ ಗೋಡೆಗೆ ಬಾಗಿಲಿನ ಜಾಗ ಬಿಟ್ಟರೆ ಎಂಟು ಎಲೆ. ಎದುರು ಬದುರು ಎರಡು ಸಾಲು ಹಾಕಿದರೆ ಹದಿನಾರು. ಕೂರುವವರಿಗೂ ಎಲೆಗೂ ಸೇರಿ ಒಂದು ಸಾಲಿಗೆ ನಾಲ್ಕಡಿ ಹೋಗುತ್ತದೆ, ಎರಡು ಸಾಲಿಗೆ ಎಂಟು. ನಡುವೆ ನಾಲ್ಕಡಿ ಉಳಿಯುತ್ತದೆ. ಬಿಸಿ ಸಾರಿನ ಬಕೆಟ್ ಹಿಡಿದು ಬಗ್ಗಿ ನಡೆಯುವವರಿಗೆ ಅಷ್ಟು ಬೇಕೇ ಬೇಕು, ಅದರಲ್ಲಿ ಕಡಿಮೆ ಮಾಡಬೇಡಿ. ಹಾಗಾಗಿ 45 ಜನರಿಗೆ ಮೂರು ಪಂಕ್ತಿ. ಎಲೆ ಹಾಕುವುದರಿಂದ ಹಿಡಿದು ಎಲೆ ಎತ್ತಿ ನೆಲ ಒರೆಸುವವರೆಗೆ ಒಂದು ಪಂಕ್ತಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಹನ್ನೆರಡೂಕಾಲಿಗೆ ಮೊದಲ ಎಲೆ ಬಿದ್ದರೆ ಎರಡೂವರೆಗೆ ಮುಗಿಯುತ್ತದೆ. ದೊಡ್ಡಮ್ಮನಂತಹವರಿಗಾಗಿ ಒಂದು ಗೋಡೆಯ ಕಡೆ ಟೇಬಲ್, ಕುರ್ಚಿ ಹಾಕಿ. ಆರಡಿ ಟೇಬಲ್ಲಿಗೆ ಮೂರು ಎಲೆ. ಇನ್ನೊಂದು ಕಡೆ ಜಮಖಾನ ಸಾಕು.

ಬಫೆ ಬೇಡವೆಂದು ನನ್ನ ಗಟ್ಟಿ ಅಭಿಪ್ರಾಯ. ಒಂದು ಕೈಯಲ್ಲಿ ತಟ್ಟೆ ಹಿಡಿದು ನಿಂತವರಿಗೆ ಸಾರನ್ನ ಕಲಸಲು ಬರುವುದಿಲ್ಲ. ವಯಸ್ಸಾದವರು ಎರಡನೆಯ ಸಲ ಎದ್ದು ಹೋಗಿ ಹಾಕಿಸಿಕೊಳ್ಳುವುದಿಲ್ಲ, ಅರ್ಧ ಹೊಟ್ಟೆಯಲ್ಲೇ ಕೈತೊಳೆಯುತ್ತಾರೆ. ಬಡಿಸಲು ನಾಲ್ಕು ಜನರನ್ನು ಈಗಲೇ ಗೊತ್ತು ಮಾಡಿ, ಯಾರ ಕೈಗೆ ಯಾವ ಪಾತ್ರೆ ಎಂದು ಹೇಳಿಬಿಡಿ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು, ಉಪ್ಪು ಎಡ ಮೇಲ್ತುದಿಗೆ, ಪಾಯಸ ಬಲ ಕೆಳತುದಿಗೆ. ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಹಿಂದಿನ ದಿನ ಖಾಲಿ ಎಲೆ ಹಾಸಿ ಒಮ್ಮೆ ತೋರಿಸಿಕೊಡಿ.

ಅಡುಗೆ ಹತ್ತು ಬಗೆ ಬೇಡ. ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ತೊವ್ವೆ, ಸಾರು, ಮಜ್ಜಿಗೆ ಹುಳಿ, ಪಾಯಸ, ಹೋಳಿಗೆ, ಮೊಸರು. ಹತ್ತು ಜನರಿಗೆ ಒಂದು ಕೆಜಿ ಅಕ್ಕಿಯ ಲೆಕ್ಕದಲ್ಲಿ ನಾಲ್ಕೂವರೆ ಕೆಜಿ. ಅದರಲ್ಲಿ ಒಂದೂಕಾಲು ಕೆಜಿ ಚಿತ್ರಾನ್ನಕ್ಕೆ. ತೊಗರಿಬೇಳೆ ಒಂದೂಮುಕ್ಕಾಲು ಕೆಜಿ. ಹೆಸರುಬೇಳೆ ಕೋಸಂಬರಿಗೆ ಮುಕ್ಕಾಲು, ಪಾಯಸಕ್ಕೆ ಮುಕ್ಕಾಲು. ಹುರುಳಿಕಾಯಿ ನಾಲ್ಕು ಕೆಜಿ. ಮೊಸರು ಆರು ಲೀಟರ್. ತೆಂಗಿನಕಾಯಿ ಹನ್ನೆರಡು. ಎಲೆ ಅರವತ್ತು ತನ್ನಿ, ಹತ್ತಾದರೂ ಹರಿದಿರುತ್ತವೆ. ಹೋಳಿಗೆ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ತಟ್ಟಿ ಬೇಯಿಸುವುದರಲ್ಲೇ ಒಬ್ಬರ ದಿನ ಮುಗಿಯುತ್ತದೆ. ನೂರು ಹೋಳಿಗೆ ಹೇಳಿ ಮಾಡಿಸಿ. ಕೋಸಂಬರಿಗೆ ಉಪ್ಪನ್ನು ಒಟ್ಟಿಗೆ ಬೆರೆಸದೆ ಪಂಕ್ತಿ ಪಂಕ್ತಿಗೆ ಬೆರೆಸಿ. ಇಲ್ಲದಿದ್ದರೆ ಮೂರನೆಯ ಪಂಕ್ತಿಯ ಹೊತ್ತಿಗೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯ ತಳದಲ್ಲಿ ಸೇರಿರುತ್ತದೆ.

ಪಾಯಸದ ಬಗ್ಗೆ ಒಂದು ಮಾತು. ನಾನು ಹೊಸದಾಗಿ ಸೊಸೆಯಾಗಿ ಬಂದ ವರ್ಷ ಮೂವತ್ತು ಜನರ ಪಾಯಸ ಕೆಡಿಸಿದ್ದೇನೆ. ಬೆಲ್ಲ ಕುದಿಯುತ್ತಿರುವಾಗಲೇ ಹಾಲು ಸುರಿದೆ. ಕಣ್ಣೆದುರೇ ಒಡೆದು ಗಡ್ಡೆಗಡ್ಡೆಯಾಯಿತು. ಅಂದಿನಿಂದ ಹೀಗೆ ಮಾಡುತ್ತೇನೆ: ಹೆಸರುಬೇಳೆಯನ್ನು ಘಮ ಬರುವಷ್ಟು ಹುರಿದು ಬೇಯಿಸುತ್ತೇನೆ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಮರಳು ತೆಗೆದು ಸೇರಿಸಿ ಕುದಿಸುತ್ತೇನೆ. ಕಾಯಿಹಾಲಿನಲ್ಲಿ ಎರಡನೆಯ ಸಲ ಹಿಂಡಿದ ತೆಳು ಹಾಲು ಆಗಲೇ ಹೋಗಬಹುದು. ಮೊದಲ ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆ, ಕುದಿ ಅಡಗಿದ ಮೇಲೆ ಹಾಕಿ ಒಂದೇ ಸಲ ತಿರುವುತ್ತೇನೆ. ಮತ್ತೆ ಬಿಸಿಗೆ ಇಡುವುದಿಲ್ಲ.

ಇನ್ನು ನಿಮ್ಮ ಅಮ್ಮನ ವಿಷಯ. ಅತ್ತೆಗೆ ಎಪ್ಪತ್ತೈದಾದಾಗ ನಾವು ಸೊಸೆಯರೆಲ್ಲ ಸೇರಿ, "ಇವತ್ತು ನೀವು ಒಳಗೆ ಕಾಲಿಡಬಾರದು" ಎಂದು ಕಟ್ಟಪ್ಪಣೆ ಮಾಡಿದೆವು. ಒಳ್ಳೆಯದಕ್ಕೇ ಮಾಡಿದ್ದು. ಅವರು ರೇಷ್ಮೆ ಸೀರೆ ಉಟ್ಟು ನಡುಮನೆಯ ಕುರ್ಚಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕುಳಿತರು. ಒಗ್ಗರಣೆ ಚಟಪಟ ಅಂದಾಗಲೆಲ್ಲ ಕತ್ತು ಅತ್ತ ತಿರುಗುತ್ತಿತ್ತು. ಅರ್ಧ ಗಂಟೆಯಲ್ಲಿ ಮುಖ ಬಾಡಿತು. ತಮ್ಮದೇ ಮನೆಯಲ್ಲಿ ನೆಂಟರಂತೆ ಕುಳಿತಿದ್ದರು. ಅದನ್ನು ಅರಿತವಳು ನನ್ನ ನಾದಿನಿ. ಪುಟ್ಟ ಬಟ್ಟಲಲ್ಲಿ ಸಾರು ತಂದು, "ಅಮ್ಮ, ಉಪ್ಪು ಹುಳಿ ನೋಡು" ಎಂದಳು. ಅತ್ತೆ ಅಂಗೈಗೆ ಎರಡು ಹನಿ ಹಾಕಿಸಿಕೊಂಡು, ನೆಕ್ಕಿ, ಕಣ್ಣು ಮುಚ್ಚಿ, "ಒಂದು ಅಡಿಕೆಯಷ್ಟು ಬೆಲ್ಲ ಬೀಳಲಿ" ಎಂದರು. ಆಮೇಲೆ ಒಂದೊಂದು ಪಾತ್ರೆಯದೂ ಅವರ ಬಳಿ ಬಂದು ಹೋಯಿತು. ಮುಖ ಅರಳಿತು.

ಹಾಗಾಗಿ ಅಮ್ಮನನ್ನು ಹೊರಗೆ ಇರಿಸುವ ಯೋಚನೆ ಬಿಡಿ. ಏನು ಅಡುಗೆ ಎಂದು ಅವರೇ ಹೇಳಲಿ, ಸಾಮಾನಿನ ಚೀಟಿ ಅವರ ಬಾಯಿಂದಲೇ ಬರಲಿ, ರುಚಿ ಅವರೇ ನೋಡಲಿ. ಸೌಟು ಮಾತ್ರ ನಿಮ್ಮ ಕೈಯಲ್ಲಿರಲಿ. ಅವರ ಪಾಲಿನ ನಾಲ್ಕು ಹೋಳಿಗೆಯನ್ನು ಬೆಳಿಗ್ಗೆಯೇ ಬೇರೆ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟುಬಿಡಿ.

ಸಾಧನಕೇರಿಯಿಂದ, ಧಾರವಾಡ

ಶಿವಮೊಗ್ಗದ ಅಕ್ಕನವರು ಬರೆದದ್ದೆಲ್ಲ ಬಂಗಾರದಂತಹ ಮಾತು. ಒಂದರಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. 45 ಜನರ ಅಡುಗೆಯನ್ನು ಮನೆಯ ಹೆಣ್ಣುಮಕ್ಕಳು ಮಾಡಬಾರದು. ಅಮ್ಮನ ಬದಲು ಮಗಳು ಮೂರೂವರೆಗೆ ಆರಿದ ಅನ್ನ ಉಂಡರೆ ಏನು ಬಂತು? ಅಡುಗೆಯವರನ್ನು ಕರೆಸಿರಿ. ಒಬ್ಬ ಅಡುಗೆಯವರು, ಒಬ್ಬ ಸಹಾಯಕ, ಬೆಳಿಗ್ಗೆ ಐದಕ್ಕೆ ಬಂದರೆ ಹನ್ನೊಂದೂವರೆಗೆ ಎಲ್ಲ ಸಿದ್ಧ. ಸಾಮಾನು ನಿಮ್ಮದು, ಕೈ ಅವರದು. ದೊಡ್ಡ ಪಾತ್ರೆ, ಒಲೆ, ಬಕೆಟ್, ಸೌಟು ಬಾಡಿಗೆಗೆ ಸಿಗುತ್ತವೆ. ಪಾತ್ರೆ ತೊಳೆಯಲು ಇನ್ನೊಬ್ಬರನ್ನು ಹೇಳಿರಿ. ಎಲ್ಲರೂ ಮರೆಯುವುದು ಅದನ್ನೇ.

ಸಿದ್ಧ ಅಡುಗೆ ತರಿಸುವುದು ಬೇಡ ಎನ್ನುವುದಕ್ಕೆ ಕಾರಣವಿದೆ. ನಮ್ಮ ಮನೆಯ ವಾಸ್ತುಶಾಂತಿಗೆ ತರಿಸಿದ್ದೆವು. ಒಂದು ಗಂಟೆಗೆ ಬರಬೇಕಾದ ಗಾಡಿ ಎರಡೂಕಾಲಿಗೆ ಬಂತು. ಎಲೆ ಹಾಕಿ ನೀರು ಇಟ್ಟು ಕೂರಿಸಿದವರನ್ನು ಎಬ್ಬಿಸುವಂತಿರಲಿಲ್ಲ. ಮಕ್ಕಳು ಅಳುತ್ತಿದ್ದವು. ನನ್ನ ತಂದೆ ಕೈಮುಗಿದು ಒಬ್ಬೊಬ್ಬರ ಮುಂದೆ ನಿಂತರು. ಅದನ್ನು ನಾನು ಮತ್ತೆ ನೋಡಲಾರೆ. ಮನೆಯ ಹಿತ್ತಿಲಲ್ಲಿ ಬೇಯುತ್ತಿರುವ ಅನ್ನ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಒಲೆಯನ್ನು ನುಗ್ಗೆಮರದ ಕೆಳಗೆ ಮಾತ್ರ ಇಡಿಸಬೇಡಿ. ಆ ಮರಕ್ಕೆ ಕಂಬಳಿಹುಳ ಬರುತ್ತದೆ. ಮಳೆಗಾಲದಲ್ಲಿ ಹೆಚ್ಚು ನಿಜ, ಆದರೂ ತೆರೆದ ಪಾತ್ರೆಯ ಮೇಲೆ ಕೊಂಬೆ ಇರುವುದು ಬೇಡ. ಗೋಡೆಯ ಬದಿಗೆ ಸರಿಸಿರಿ. ಮನೆಯ 14.2 ಕೆಜಿ ಸಿಲಿಂಡರನ್ನು ದೊಡ್ಡ ಒಲೆಗೆ ಜೋಡಿಸಬೇಡಿ. ಅಡುಗೆಯವರ ಬಳಿ 19 ಕೆಜಿಯ ವಾಣಿಜ್ಯ ಸಿಲಿಂಡರ್ ಇರುತ್ತದೆ, ಅದನ್ನೇ ತರಲು ಹೇಳಿರಿ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಒಲೆಯಿಂದ ದೂರವಿರಲಿ, ಮಕ್ಕಳು ಆ ಕಡೆ ಓಡಾಡದಂತೆ ಒಂದು ಬೆಂಚು ಅಡ್ಡವಿರಲಿ. ನೀರಿನ ತೊಟ್ಟಿಯನ್ನು ಹಿಂದಿನ ರಾತ್ರಿಯೇ ತುಂಬಿಸಿರಿ. ಕೈತೊಳೆಯಲು ನಿಮ್ಮ ಒಗೆಯುವ ಕಲ್ಲೇ ಸಾಕು, ಅದರ ಪಕ್ಕ ನಲ್ಲಿ ಇರುವ ಡ್ರಮ್ ಇಟ್ಟರೆ ಒಮ್ಮೆಗೆ ನಾಲ್ಕು ಜನ ತೊಳೆಯಬಹುದು. ಮನೆಯೊಳಗಿನ ಒಂದು ಬೇಸಿನ್ ಮುಂದೆ ಹದಿನಾರು ಜನ ಎಂಜಲು ಕೈಯಲ್ಲಿ ಸಾಲು ನಿಂತರೆ ಎರಡನೆಯ ಪಂಕ್ತಿ ಅಲ್ಲೇ ತಡವಾಗುತ್ತದೆ.

ಮಂಡ್ಯದ ನರ್ಸ್

ಎರಡು ಮಾತು ಸೇರಿಸುತ್ತೇನೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಯಾರಿದ್ದಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ಅವರು ಸಂಕೋಚದಿಂದ "ನಾನು ಆಮೇಲೆ ಕೂರುತ್ತೇನೆ" ಎನ್ನುತ್ತಾರೆ. ಬಿಡಬೇಡಿ, ಮೊದಲ ಪಂಕ್ತಿಗೇ ಕೂರಿಸಿ. ಊಟ ತಡವಾದರೆ ಅವರಿಗೆ ಸಕ್ಕರೆಯ ಮಟ್ಟ ಇಳಿದು ತಲೆ ಸುತ್ತಬಹುದು, ಬೆವರಬಹುದು, ಕೈ ನಡುಗಬಹುದು.

ಉಳಿದ ಅನ್ನವನ್ನು ಸಂಜೆಯವರೆಗೆ ಪಾತ್ರೆಯಲ್ಲೇ ಮುಚ್ಚಿಡಬೇಡಿ. ಬೆಂದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಉಂಟುಮಾಡುವ ಒಂದು ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಅಗಲವಾದ ತಟ್ಟೆಗೆ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿ, ಇಲ್ಲವೇ ಬಂದವರಿಗೆ ಕಟ್ಟಿಕೊಡಿ. ಬಚ್ಚಲಿನ ನೆಲ ಒಣಗಿರುವಂತೆ ನೋಡಿಕೊಳ್ಳಲು ಒಬ್ಬರಿಗೆ ಹೇಳಿ. ವಯಸ್ಸಾದವರು ಜಾರುವುದು ಅಲ್ಲೇ.

ಕುವೆಂಪುನಗರದ ಮಗಳು, ಮೈಸೂರು

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಅಡುಗೆಯವರನ್ನು ಗೊತ್ತು ಮಾಡಿದೆ. ಹೋಳಿಗೆ ಹೇಳಿದ್ದಾಯಿತು. ಚೀಟಿಯನ್ನು ಅಮ್ಮ ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಮಜ್ಜಿಗೆ ಹುಳಿಗೆ ಬೂದುಗುಂಬಳಕಾಯಿಯೇ ಆಗಬೇಕಂತೆ. ಆದರೆ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಮೊದಲ ಪಂಕ್ತಿಯ ಮಾತೆತ್ತಿದರೆ ಅಮ್ಮ, "ಕರೆದವಳು ನಾನು, ಬಂದವರಿಗಿಂತ ಮೊದಲು ನಾನೇ ಎಲೆ ಮುಂದೆ ಕೂರುವುದೇ? ಏನೆಂದುಕೊಂಡಾರು" ಎನ್ನುತ್ತಾಳೆ. ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ತುಂಗಾತೀರ, ಶಿವಮೊಗ್ಗ

ನೀವು ಹೇಳಿದರೆ ಕೇಳುವುದಿಲ್ಲ ತಂಗಿ, ನೀವು ಮಗಳು. ಅವರಿಗಿಂತ ಹಿರಿಯರು ಹೇಳಬೇಕು. ದೊಡ್ಡಮ್ಮನಿಗೆ ಇಂದೇ ಫೋನ್ ಮಾಡಿ, ಆ ನಾಮಕರಣದ ದಿನದ ವಿಷಯ ಪೂರ್ತಿ ಹೇಳಿ. ಎಲೆ ಹಾಕಿದಾಗ ದೊಡ್ಡಮ್ಮನ ಪಕ್ಕದ ಎಲೆ ಖಾಲಿ ಬಿಡಿ.

ಕುವೆಂಪುನಗರದ ಮಗಳು, ಮೈಸೂರು

ನಿನ್ನೆ ನಡೆಯಿತು. ಕೈಕಾಲು ನೋಯುತ್ತಿದೆ, ಆದರೂ ಇಂದೇ ಬರೆಯಬೇಕೆನಿಸಿತು.

ಮೊದಲು ಲೆಕ್ಕ, ಮುಂದೆ ಯಾರಿಗಾದರೂ ಬೇಕಾಗಬಹುದು. ಬಂದವರು 48. ಅಕ್ಕಿ ಸರಿಹೋಯಿತು, ಚಿತ್ರಾನ್ನ ಸ್ವಲ್ಪ ಉಳಿಯಿತು. ಮೊಸರು ಸಾಲದೆ ಮೂರನೆಯ ಪಂಕ್ತಿಗೆ ಅಂಗಡಿಗೆ ಓಡಬೇಕಾಯಿತು, ಎಂಟು ಲೀಟರ್ ತರಬೇಕಿತ್ತು. ಎಲೆಗಳನ್ನು ಶನಿವಾರ ಸಂಜೆ ದೇವರಾಜ ಮಾರುಕಟ್ಟೆಯಿಂದ ತಂದು ಒದ್ದೆ ಬಟ್ಟೆ ಸುತ್ತಿಟ್ಟಿದ್ದೆವು, ಒಂದೂ ಬಾಡಲಿಲ್ಲ. ಎರಡನೆಯ ಪಂಕ್ತಿಯವರು ಮಾತಿನಲ್ಲಿ ಮುಳುಗಿ ಏಳಲೇ ಇಲ್ಲ, ಹಾಗಾಗಿ ಕೊನೆಯ ಎಲೆ ಎತ್ತುವಾಗ ಮೂರು ಗಂಟೆ ದಾಟಿತ್ತು. ಬಡಿಸಿದ ನಾವು ನಾಲ್ವರೂ ಕೊನೆಯ ಪಂಕ್ತಿಯಲ್ಲಿ ಬಿಸಿಯಾಗಿಯೇ ಉಂಡೆವು. ಧಾರವಾಡದ ಅಣ್ಣನವರ ಮಾತು ಕೇಳಿದ್ದು ಬಹಳ ಒಳ್ಳೆಯದಾಯಿತು.

ಬೆಳಿಗ್ಗೆ ಹತ್ತಕ್ಕೆ ಅಡುಗೆಯವರು ಸಾರಿನ ಬಟ್ಟಲು ಕಳುಹಿಸಿದರು. ನಾನೇ ಕೊಂಡೊಯ್ದು ಕೊಟ್ಟೆ. ಅಮ್ಮ ಅಂಗೈ ಚಾಚಿದಳು. ನೀವು ಬರೆದ ಹಾಗೆಯೇ, ಅಕ್ಕ, ಎರಡು ಹನಿ. "ಹುಳಿ ಮುಂದಾಗಿದೆ. ಬೇಳೆಯ ಕಟ್ಟು ಇನ್ನೊಂದು ಚೊಂಬು ಹಾಕಲಿ" ಎಂದಳು. ಅಡುಗೆಯವರು ಹಾಗೇ ಮಾಡಿ, ಹಿತ್ತಿಲ ಬಾಗಿಲಿನಿಂದಲೇ "ಈಗ ನೋಡಿ ತಾಯಿ" ಎಂದು ಮತ್ತೊಂದು ಬಟ್ಟಲು ಕೊಟ್ಟರು.

ಹನ್ನೆರಡೂವರೆಗೆ ಎಲೆ ಹಾಕಿದೆವು. ಅಮ್ಮ ಎಂದಿನಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಮ್ಮ ಪಕ್ಕದ ಕುರ್ಚಿಯನ್ನು ಅಂಗೈಯಿಂದ ತಟ್ಟಿದರು. "ಬಾರೇ ಇಲ್ಲಿ. ನೀನು ಕೂತರೆ ನಾನು ಅನ್ನಕ್ಕೆ ಕೈ ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ" ಎಂದರು. ಹದಿನೈದು ಜನ ಕೈ ಕಟ್ಟಿ ಕಾಯುತ್ತಿದ್ದರು. ಅಮ್ಮ ಬಂದು ಕುಳಿತಳು.

ಅಣ್ಣ ಹೋಳಿಗೆ ಹಾಕುತ್ತಾ ಬಂದ, ಹಿಂದೆ ನಾನು ತುಪ್ಪದ ಗಿಂಡಿ ಹಿಡಿದಿದ್ದೆ. ಅಮ್ಮನ ಎಲೆಯ ಮುಂದೆ ಬಗ್ಗಿದಾಗ ನನ್ನ ಕೈ ಸ್ವಲ್ಪ ನಡುಗಿತು. ಅಮ್ಮ ಹೋಳಿಗೆಯ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿ ಹಿಡಿದಳು, ತುಪ್ಪ ಹರಿದುಹೋಗದಿರಲಿ ಎಂದು. ಚಿಕ್ಕಂದಿನಲ್ಲಿ ನಮ್ಮ ಎಲೆಯಲ್ಲಿ ಆ ಗುಳಿ ಮಾಡುತ್ತಿದ್ದ ಬೆರಳು. ಅವಳ ಎಲೆಯಲ್ಲಿ ಅವಳೇ ಮಾಡಿಕೊಂಡದ್ದನ್ನು ನಾನು ನೋಡಿದ್ದು ನಿನ್ನೆಯೇ. ಮೂರು ಹೋಳಿಗೆ ತಿಂದಳು. ಮೂರನೆಯದನ್ನು ಬೇಡವೆನ್ನಲಿಲ್ಲ.

ಎರಡನೆಯ ಪಂಕ್ತಿಗೆ ಎಲೆ ಹಾಕಿದಾಗ ಅಮ್ಮ ಎದ್ದು ಬಂದು ನನ್ನ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡಳು. ನಾನು ತಡೆಯಲು ಹೋದೆ. ದೊಡ್ಡಮ್ಮ ಜಗಲಿಯಿಂದಲೇ "ಬಿಡು ಮಗು, ಅವಳದು ಊಟ ಆಯಿತಲ್ಲ" ಎಂದರು. ಅಮ್ಮ ಹದಿನಾರು ಎಲೆಗೂ ತಾನೇ ಬಡಿಸಿದಳು. ಸೋದರಮಾವನಿಗೆ ಎರಡು ಸಲ ಹಾಕಿದಳು, ಎದುರುಮನೆಯ ಮೇಷ್ಟ್ರಿಗೆ ಬೇಡವೆಂದರೂ ಒಂದು ಹನಿ ಹಾಕಿದಳು. ಒಬ್ಬೊಬ್ಬರ ಮುಂದೂ ನಿಂತು ಅವರ ಮಕ್ಕಳ ಹೆಸರು ಹಿಡಿದು ವಿಚಾರಿಸಿದಳು. ಗಿಂಡಿ ಖಾಲಿಯಾದ ಮೇಲೆ ನನ್ನ ಕೈಗೆ ಕೊಟ್ಟು ಹೋಗಿ ಅಕ್ಕನ ಪಕ್ಕ ಕುಳಿತಳು.

ಬೀರುವಿನ ಡಬ್ಬಿಯ ನಾಲ್ಕು ಹೋಳಿಗೆಯನ್ನು ರಾತ್ರಿ ಅಕ್ಕತಂಗಿಯರು ಹಾಲಿಗೆ ಹಾಕಿಕೊಂಡು ತಿಂದರು. ದೊಡ್ಡಮ್ಮ ಇನ್ನೂ ಇಲ್ಲೇ ಇದ್ದಾರೆ. ಬುಧವಾರ ಹೋಗುತ್ತಾರಂತೆ.